ಹೈರೈಡರ್ ಹೈಬ್ರಿಡ್: ಪವರ್ ಸಾಕು, ಮೈಲೇಜ್ ಇನ್ನೂ ಬೇಕು

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರ್ ಕೂಡ ಇರುವ ಟೊಯೋಟಾ ಹೈರೈಡರ್ ಹೈಬ್ರಿಡ್ ಓಡಿಸ್ತೀನಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, "ಪಿಕಪ್ ಹೇಗಿದೆ?" ಸಾಕಾಗುವಷ್ಟಿದೆ. ನಾನು ಇದನ್ನು ತಗೊಂಡಿದ್ದು ಪಿಕಪ್‌ಗಲ್ಲ, ಪೆಟ್ರೋಲ್ ಉಳಿಸೋಕೆ.

ಬಿಡದಿಯಲ್ಲೇ ತಯಾರಾಗುವ ಗಾಡಿ ಇದು. 1.5 ಲೀಟರ್, ಮೂರು ಸಿಲಿಂಡರ್ ಎಂಜಿನ್, ಮೋಟರ್ ಸೇರಿಸಿದರೆ ಸುಮಾರು 115 ಎಚ್‌ಪಿ. ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ, ಆದರೆ ಬೆಂಗಳೂರಿನ ಟ್ರಾಫಿಕ್‌ನಲ್ಲೇ 20ರ ಮೇಲೆ ಸಿಗುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ಇಂಚಿಂಚಾಗಿ ತೆವಳುವಾಗ ಹೆಚ್ಚಿನ ಹೊತ್ತು ಎಂಜಿನ್ ಆಫ್ ಆಗಿರುತ್ತದೆ, ಎಸಿ ಮಾತ್ರ ತಣ್ಣಗೆ ಓಡುತ್ತಲೇ ಇರುತ್ತದೆ, ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ. ಬೇರೆ ಗಾಡಿಗಳು ಪೆಟ್ರೋಲ್ ಸುಮ್ನೆ ಸುಡುವ ಜಾಗದಲ್ಲೇ ಇದು ಉಳಿಸುತ್ತದೆ. ಹೈವೇಯಲ್ಲಿ ಲಾಭ ಕಡಿಮೆ. ಘಾಟಿ ಹತ್ತುವಾಗ ಜೋರಾಗಿ ಒತ್ತಿದರೆ ಎಂಜಿನ್ ಸದ್ದು ಕೇಳಿಸುತ್ತದೆ. ಬ್ಯಾಟರಿ ಹಿಂದೆ ಇರೋದರಿಂದ ಡಿಕ್ಕಿ ಚಿಕ್ಕದು, ದೊಡ್ಡ ಸೂಟ್‌ಕೇಸ್ ಇರುವವರು ಶೋರೂಮ್‌ನಲ್ಲೇ ಇಟ್ಟು ನೋಡಿ.

ನನಗೆ ಬೇಜಾರಾಗೋದು ಹೈಬ್ರಿಡ್‌ಗಳು ಈಗ ಹೋಗುತ್ತಿರುವ ದಾರಿ ನೋಡಿ. ಅಮೆರಿಕದಲ್ಲಿ ಟೊಯೋಟಾದ್ದೇ ಇನ್ನೊಂದು ಹೈಬ್ರಿಡ್ ಪ್ರಿಯಸ್‌ನ 2022ರ ಇಕೋ ಮಾಡೆಲ್ 121 ಎಚ್‌ಪಿ, ಗ್ಯಾಲನ್‌ಗೆ 56 ಮೈಲಿ. 2023ರಲ್ಲಿ ಎಂಜಿನ್ 2 ಲೀಟರ್ ಆಯಿತು, ಪವರ್ 194ಕ್ಕೆ ಹಾರಿತು, ಮೈಲೇಜ್ ಮಾತ್ರ 57! ಅಷ್ಟು ವರ್ಷಗಳ ಎಂಜಿನಿಯರಿಂಗ್‌ನಲ್ಲಿ ಮೈಲೇಜ್‌ಗೆ ಸಿಕ್ಕಿದ್ದು ಒಂದೇ ಮೈಲಿ ಅಲ್ವಾ? ಹೋಂಡಾ ಇದೇ ಆಟವನ್ನು ಹಿಂದೆಯೇ ಆಡಿ ನೋಡಿದೆ. 2005ರ ಅಕಾರ್ಡ್ ಹೈಬ್ರಿಡ್‌ಗೆ ಆರು ಸಿಲಿಂಡರ್‌ನ ವಿ6 ಎಂಜಿನ್ ಹಾಕಿ 255 ಎಚ್‌ಪಿ ಕೊಟ್ಟಿತು. ಜನ ಕೊಳ್ಳಲಿಲ್ಲ, 2007ಕ್ಕೆ ನಿಲ್ಲಿಸಬೇಕಾಯಿತು.

ಪವರ್ ಬೇಕಾದವರಿಗೆ ಟರ್ಬೊ ಗಾಡಿಗಳು ಬೇಕಾದಷ್ಟಿವೆ. ಹೈಬ್ರಿಡ್‌ಗೆ ಲಕ್ಷಗಟ್ಟಲೆ ಜಾಸ್ತಿ ಕೊಡುವವನು ಬಂಕ್‌ನ ಬಿಲ್ ನೋಡಿಯೇ ಕೊಡುತ್ತಾನೆ. ಜಪಾನಿನಲ್ಲಿ ಟೊಯೋಟಾ ಮಾರುವ ಯಾರಿಸ್ ಹೈಬ್ರಿಡ್ ಅಲ್ಲಿನ ಟೆಸ್ಟ್‌ನಲ್ಲಿ ಲೀಟರ್‌ಗೆ 36 ಕಿ.ಮೀ. ಕೊಡುತ್ತದೆ. ಅದೂ 1.5 ಲೀಟರ್, ಮೂರು ಸಿಲಿಂಡರ್ ಗಾಡಿಯೇ, ಆದರೆ ಚಿಕ್ಕದು, ಹಗುರ. ಅಂಥದ್ದನ್ನು ನಮಗೂ ಕೊಡಿ. ಸನ್‌ರೂಫ್ ಬೇಡ, ದೊಡ್ಡ ಅಲಾಯ್ ವೀಲ್ ಬೇಡ, 0ರಿಂದ 100ಕ್ಕೆ ಎರಡು ಸೆಕೆಂಡ್ ತಡವಾದರೂ ಪರವಾಗಿಲ್ಲ. ಬುಕ್ ಮಾಡಲು ನಾನಂತೂ ರೆಡಿ.