ಇವತ್ತಿನ ರಾತ್ರಿಗೆ ಸಖಿ, ನಾಳೆಗೆ ಶಕ್ತಿ ಸದನ?

ಕಾಫಿ ತೋಟದವರು ಕೂಲಿಯವರಿಗೆ ಕೊಡುವ ಲೈನ್ ಮನೆಯಲ್ಲಿರುವ ಹೆಂಗಸು ಗಂಡನ ಹೊಡೆತ ತಾಳದೆ ಹೊರಬಂದರೆ ಕೂಲಿ, ಸೂರು ಎರಡೂ ಒಟ್ಟಿಗೇ ಹೋಗುತ್ತವೆ. ಕೊಡಗಿನ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯುವ ಮಾತಂತೂ ಬೇಡ.

ಇವತ್ತೇ ಜಾಗ ಬೇಕೆಂದರೆ ಸಖಿ ಕೇಂದ್ರ. ತೊಂದರೆಗೆ ಸಿಕ್ಕಿದ ಹೆಂಗಸರಿಗೆಂದು 2015ರಲ್ಲಿ ಶುರುವಾದ ಸರ್ಕಾರಿ ಯೋಜನೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಚಿಕಿತ್ಸೆ, ಪೊಲೀಸ್ ದೂರು, ವಕೀಲರ ಸಲಹೆ, ಆಪ್ತ ಸಮಾಲೋಚನೆ ಎಲ್ಲವೂ ಅಲ್ಲೇ. ಆದರೆ ಉಳಿಯಲು ಸಾಮಾನ್ಯವಾಗಿ 5 ದಿನ ಅಷ್ಟೇ. ಅದೂ ದೌರ್ಜನ್ಯಕ್ಕೆ ಒಳಗಾದವರಿಗೆಂದು ಮಾಡಿದ್ದು.

ಬಡತನದಿಂದ ಬೀದಿಗೆ ಬಿದ್ದವರಿಗೂ ಒದಗುವುದು ಶಕ್ತಿ ಸದನ ಎಂಬ ಸರ್ಕಾರಿ ಯೋಜನೆಯ ಆಶ್ರಯ ಮನೆ. ಹಳಬರು ಇನ್ನೂ ಹಳೆಯ ಹೆಸರಿನಲ್ಲಿ ಸ್ವಾಧಾರ ಗೃಹ ಎನ್ನುತ್ತಾರೆ. ಊಟ, ಬಟ್ಟೆ, ಕೆಲಸದ ತರಬೇತಿ, ತಿಂಗಳುಗಟ್ಟಲೆ ವಾಸ. ಊರು ಬಿಟ್ಟು ದೂರ ಹೋಗಬೇಕಾದೀತು. ಗಂಡುಮಗ ತುಸು ದೊಡ್ಡವನಾಗಿದ್ದರೆ ಮೊದಲೇ ಕೇಳಿ, ವಯಸ್ಸಿನ ಮಿತಿ ಇದೆ.

ನನ್ನನ್ನು ಕೇಳಿದರೆ, ಮೊದಲು ಸಖಿಗೇ ಹೋಗಿ; ಮುಂದಿನ ಜಾಗ ಅವರೇ ವಿಚಾರಿಸಲಿ. ಮನೆ ಬಿಡಲು ಮನಸ್ಸಿಲ್ಲದವರಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ: ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ವಾಸದ ಹಕ್ಕುಂಟು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಆಧಾರ್, ರೇಷನ್ ಕಾರ್ಡ್ ಕೈಗೆ ಸಿಕ್ಕರೆ ತನ್ನಿ, ಸಿಗದಿದ್ದರೂ ಹೊರಟುಬಿಡಿ.