ಬೆಟ್ಟದ ರಾತ್ರಿಗೆ ಆರ್‌ವಿ ಹೀಟರ್: ಗ್ಯಾಸ್ ಫರ್ನೇಸಾ, ಡೀಸೆಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೀಸೆಲ್ ಹೀಟರಿಗೆ. ಎಲೆ ಉದುರುವ ಕಾಲದಲ್ಲಿ ಬೆಟ್ಟದಲ್ಲಿ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ನಿಲ್ಲಿಸಿ, ಬೆಳಕು ಹರಿಯುವ ಮುಂಚೆ ಚಾರಣಕ್ಕೆ ಹೊರಡುವವರು ನಾವು. ಆಗ ಹಗಲು ಎಷ್ಟು ಹಿತವೋ ರಾತ್ರಿ ಅಷ್ಟೇ ಕೊರೆಯುತ್ತದೆ. ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 10 ಡಿಗ್ರಿ ಇದ್ದರೆ, ಅಲ್ಲಿಂದ 2000 ಮೀಟರ್ ಮೇಲೆ ಬಕೆಟ್ಟಿನ ನೀರು ಗಟ್ಟಿ. ಹಾಗಾಗಿ ಗಾಡಿ ಎಷ್ಟು ದೊಡ್ಡದು, ಹಾಸಿಗೆ ಎಷ್ಟು ಮೆತ್ತಗಿದೆ ಅನ್ನುವುದಕ್ಕಿಂತ ಹೀಟರ್ ಯಾವುದು ಅಂತ ನಾನು ಮೊದಲು ನೋಡುತ್ತೇನೆ.

ಬಾಡಿಗೆಗೆ ತಂದ ದೊಡ್ಡ ಆರ್‌ವಿಯಲ್ಲಿ ಇದ್ದದ್ದು ಗ್ಯಾಸ್ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಫ್ಯಾನಿನಿಂದ ಬಿಸಿಗಾಳಿ ಊದುವ ಹೀಟರ್. ಬಿಸಿ ಕೊಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಸ್ವಲ್ಪ ಹೊತ್ತಿಗೇ ಜಾಕೆಟ್ ಬಿಚ್ಚಬೇಕು ಅನಿಸುತ್ತದೆ. ಅದರ ಸಿಲಿಂಡರಿನಲ್ಲಿರುವ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಬೆಟ್ಟದ ಚಳಿಗೆಲ್ಲ ಅದು ಜಗ್ಗುವುದಿಲ್ಲ. (ಬ್ಯೂಟೇನ್ ಸಿಲಿಂಡರ್ ಮಾತ್ರ ನಂಬಬೇಡಿ. ಸೊನ್ನೆ ಡಿಗ್ರಿ ಹತ್ತಿರವಾದರೆ ಅದು ಆವಿಯಾಗುವುದೇ ಕಷ್ಟ.)

ಆದರೆ ಗ್ಯಾಸ್ ಎಷ್ಟಿದ್ದರೇನು, ಒಳಗಿನ ಫ್ಯಾನ್ ತಿರುಗಬೇಕಲ್ಲ! ಅದು ತಿರುಗುವುದು ಬ್ಯಾಟರಿಯಿಂದ. ಓಡುವಷ್ಟು ಹೊತ್ತೂ ಸುಮಾರು 7 ಆಂಪ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೋಯಿತು. 100 ಆಂಪ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿಯಲ್ಲಿ ಐದನೇ ಒಂದು ಪಾಲು ಮೊದಲೇ ಹೋಗಿರುತ್ತದೆ. ಅದರ ಮೇಲೆ ದೀಪ, ನೀರಿನ ಪಂಪ್, ಫೋನು. ಸೋಲಾರ್ ಪ್ಯಾನೆಲ್ ಇತ್ತಲ್ವಾ ಅಂತ ಕೇಳಬಹುದು. ಇತ್ತು. ಆದರೆ ಈ ಕಾಲದಲ್ಲಿ ಸೂರ್ಯ ಮೇಲೆ ಏರುವುದೇ ಇಲ್ಲ, ಓರೆಯಾಗಿ ಹೋಗುತ್ತಾನೆ. ಕಣಿವೆಯಲ್ಲಿ ನಿಲ್ಲಿಸಿದರೆ ಮಧ್ಯಾಹ್ನವೇ ಬೆಟ್ಟದ ನೆರಳು ಬಂದು ಕೂರುತ್ತದೆ.

ಕಾಟ ಶುರುವಾಗುವುದು ನಸುಕಿನಲ್ಲಿ, ನಿದ್ದೆ ಗಾಢವಾಗಿದ್ದಾಗ. ಫರ್ನೇಸಿನೊಳಗೆ ಸೇಲ್ ಸ್ವಿಚ್ ಅಂತ ಒಂದಿರುತ್ತದೆ, ತೆಳ್ಳಗಿನ ತಗಡಿನ ತುಂಡು. ಫ್ಯಾನಿನ ಗಾಳಿ ಅದನ್ನು ತಳ್ಳಿ ಹಿಡಿದರೆ ಮಾತ್ರ ಗ್ಯಾಸ್ ಬಿಡುತ್ತದೆ. ಸುರಕ್ಷತೆಗೆ ಅದು ಬೇಕೇ ಬೇಕು. ಬ್ಯಾಟರಿ ಇಳಿದಾಗ ಫ್ಯಾನ್ ಸೊರಗುತ್ತದೆ, ತಗಡು ಅಲುಗುವುದಿಲ್ಲ, ಬೆಂಕಿ ಹೊತ್ತುವುದಿಲ್ಲ. ಫ್ಯಾನ್ ಮಾತ್ರ ಸುಮ್ನೆ ತಿರುಗುತ್ತಾ ತಣ್ಣನೆ ಗಾಳಿಯನ್ನು ಮುಖಕ್ಕೆ ಊದುತ್ತದೆ, ಉಳಿದ ಚೂರುಪಾರು ಬ್ಯಾಟರಿಯನ್ನೂ ತಿನ್ನುತ್ತದೆ. ಸಿಲಿಂಡರ್ ಅಲ್ಲಾಡಿಸಿ ನೋಡಿದರೆ ತುಂಬಾ ಗ್ಯಾಸ್! ಜನರೇಟರ್ ಹಾಕೋಣ ಅಂದರೆ ಹೆಚ್ಚಿನ ಕ್ಯಾಂಪುಗಳಲ್ಲಿ ರಾತ್ರಿ ಅದಕ್ಕೆ ಅನುಮತಿ ಇಲ್ಲ, ಪಕ್ಕದವರ ನಿದ್ದೆಯನ್ನೂ ನೋಡಬೇಕಲ್ಲ. ಕೊನೆಗೆ ಇದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡು ಕೂತಿದ್ದು. ಅವತ್ತು ಹತ್ತಬೇಕಾಗಿದ್ದ ಬೆಟ್ಟ ಹತ್ತಲು ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಬಾಡಿಗೆ ಕೊಟ್ಟವರು ಬ್ಯಾಟರಿ ಹೊಸದು ಅಂದಿದ್ದರು. ಹೊಸದೇ ಇರಬಹುದು, ಒಂದೇ ಒಂದು ಇದ್ದದ್ದು ಸಾಲದು.

ಕೈಯಲ್ಲಿ ಎತ್ತಿಡುವ ಸಣ್ಣ ಗ್ಯಾಸ್ ಹೀಟರನ್ನೂ ಬಳಸಿದ್ದೇನೆ. ಅಗ್ಗ, ಬ್ಯಾಟರಿ ಬೇಡ. ಆದರೆ ಉರಿದದ್ದೆಲ್ಲ ಗಾಡಿಯೊಳಗೇ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಬೆಳಗ್ಗೆ ಕಿಟಕಿಯಿಂದ ಹನಿ ಇಳಿದು ದಿಂಬು ಒದ್ದೆ. ಮೇಲಾಗಿ ಆಮ್ಲಜನಕ ಅಳೆಯುವ ಸೆನ್ಸರ್ ಇರುವ ಕೆಲವು ಹೀಟರುಗಳು 2100 ಮೀಟರ್ ದಾಟಿದರೆ ತಾವಾಗಿಯೇ ಆರಿಹೋಗಬಹುದು. ಇದನ್ನು ಹಚ್ಚಿಟ್ಟು ಮಲಗಬಾರದು, ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಂಜೆ ಹೊತ್ತು ಕಿಟಕಿ ಸ್ವಲ್ಪ ತೆರೆದಿಟ್ಟು ಕೈ ಕಾಯಿಸಿಕೊಳ್ಳಲು ಅಡ್ಡಿಯಿಲ್ಲ.

ಕರೆಂಟ್ ಹೀಟರ್ ಕರೆಂಟ್ ಇರುವ ಕ್ಯಾಂಪಿಗೆ ಮಾತ್ರ.

ಈಗ ನಮ್ಮ ಸಣ್ಣ ವ್ಯಾನಿನಲ್ಲಿರುವುದು ಸೀಟಿನ ಕೆಳಗೆ ಕೂರಿಸಿದ 2 ಕಿಲೋವ್ಯಾಟ್ ಡೀಸೆಲ್ ಹೀಟರ್. ಉರಿಯಲು ಬೇಕಾದ ಗಾಳಿ ಹೊರಗಿಂದ ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ, ಒಳಗೆ ಬರುವುದು ಬರೀ ಒಣ ಬಿಸಿ. ಹೊತ್ತುವಾಗ ಕೆಲವು ನಿಮಿಷ 8-10 ಆಂಪ್ ತಿನ್ನುತ್ತದೆ, ಆಮೇಲೆ ಕಡಿಮೆ ಉರಿಯಲ್ಲಿ 1 ಆಂಪಿನ ಆಸುಪಾಸು. ಇಡೀ ರಾತ್ರಿ ಓಡಿದರೂ ಬೆಳಗ್ಗೆ ಬ್ಯಾಟರಿ ಗಟ್ಟಿಯಾಗಿರುತ್ತದೆ. ಡೀಸೆಲ್ ಗಾಡಿಯ ಟ್ಯಾಂಕಿನಿಂದಲೇ ಬರುವುದರಿಂದ ಸಿಲಿಂಡರ್ ಹೊರುವ ಕೆಲಸವೂ ಇಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಇದು: ಇಬ್ಬನಿಯ ಹುಲ್ಲಲ್ಲಿ ನಡೆದು ನೆನೆದ ಬೂಟಿನ ನಾಲಿಗೆ ಹೊರಗೆಳೆದು, ಒಳಗಿನ ಅಟ್ಟೆ ತೆಗೆದು, ಬಿಸಿಗಾಳಿಯ ಬಾಯಿಂದ ಒಂದು ಗೇಣು ದೂರ ಇಟ್ಟರೆ ಬೆಳಗ್ಗೆ ಬೂಟು ಗರಿಗರಿ.

ತಕರಾರು ಇಲ್ಲವೇ? ಇದೆ. ಇಂಧನದ ಪಂಪ್ ರಾತ್ರಿಯೆಲ್ಲ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತದೆ. ರಬ್ಬರ್ ಹಾಕಿ ಕೂರಿಸಿದ ಮೇಲೆ ಕಡಿಮೆಯಾಗಿದೆ. ಎತ್ತರದಲ್ಲಿ ಇನ್ನೊಂದು ಸಮಸ್ಯೆ. 3000 ಮೀಟರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡ 30 ಕಡಿಮೆ, ಗಾಳಿ ತೆಳು. ಡೀಸೆಲ್ ಮಾತ್ರ ಅಷ್ಟೇ ಬಂದರೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಎತ್ತರಕ್ಕೆ ತಕ್ಕ ಹಾಗೆ ಇಂಧನ ಕಡಿಮೆ ಮಾಡುವ ಮಾಡೆಲ್ಲನ್ನೇ ತಗೊಳ್ಳಿ. ಆಗಾಗ ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಓಡಿಸಿ, ಮಸಿ ಸುಟ್ಟುಹೋಗುತ್ತದೆ.

ಮಕ್ಕಳುಮರಿ ಜೊತೆ ದೊಡ್ಡ ಗಾಡಿಯಲ್ಲಿ ಹೋಗಿ ವಾರಪೂರ್ತಿ ಕರೆಂಟ್ ಇರುವ ಕ್ಯಾಂಪಿನಲ್ಲೇ ಇರುವವರು ಗ್ಯಾಸ್ ಫರ್ನೇಸಿನಲ್ಲೇ ಆರಾಮಾಗಿರಬಹುದು, ಅವರಿಗೆ ಬ್ಯಾಟರಿ ಚಿಂತೆ ಇಲ್ಲ. ಕೈಯಲ್ಲಿ ದುಡ್ಡು ಕಮ್ಮಿ, ವರ್ಷಕ್ಕೊಮ್ಮೆ ಹೋಗುವುದು ಅಂತಾದರೆ ಒಳ್ಳೆ ಸ್ಲೀಪಿಂಗ್ ಬ್ಯಾಗೇ ಸಾಕು, ಹೀಟರೇ ಬೇಡ. ನಾವು ಕರೆಂಟಿಲ್ಲದ ಜಾಗದಲ್ಲೇ ನಿಲ್ಲಿಸುವುದು, ಪ್ರತಿ ವರ್ಷ ಹೋಗುವುದು. ಅದಕ್ಕೆ ಹೊಸ ಟೆಂಟಿಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನು ಡೀಸೆಲ್ ಹೀಟರಿಗೆ ಹಾಕಿದೆವು. ಗ್ಯಾಸ್ ಈಗ ಒಲೆಗೆ ಮಾತ್ರ. ಯಾವ ಹೀಟರ್ ಹಾಕಿಸಿದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಸಿಗೆ ಹತ್ತಿರ ಇರಲಿ, ಹೊರಡುವ ಮುಂಚೆ ಅದರ ಬಟನ್ ಒತ್ತಿ ಪರೀಕ್ಷಿಸಿ.