ಹುಬ್ಬಳ್ಳಿಯಿಂದ ಬಳ್ಳಾರಿಗೆ 15 ನಿಮಿಷದ ವಿಮಾನ ಅಂದರೆ ನಂಬಬೇಡಿ

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆಯವರು ನೆಂಟರಿಗೆ ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಇದನ್ನು ಓದಿ.

ನಮ್ಮ ಮನೆಯ ಮದುವೆಗೆ ಮುಂಬೈನಿಂದ ಚಿಕ್ಕಪ್ಪ, ಚಿಕ್ಕಮ್ಮ ಬರಬೇಕಿತ್ತು. ಚಿಕ್ಕಮ್ಮನಿಗೆ ಮಂಡಿನೋವು. ಕಾಲು ಮಡಚಿ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ. ಇದನ್ನೇ ಊರಿನ ಒಬ್ಬ ಟ್ರಾವೆಲ್ ಏಜೆಂಟ್‌ಗೆ ಹೇಳಿದೆವು. ಅವನು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. "ನೋಡ್ರಿ ಸರ್, ಹುಬ್ಬಳ್ಳಿಗೆ ಬಂದು ಇಳಿದ್ರೆ ಅಲ್ಲಿಂದ ಬಳ್ಳಾರಿ ಬರೀ 15 ನಿಮಿಷ." ಪರದೆ ಮೇಲೆ ಎರಡು ವಿಮಾನ ನಿಲ್ದಾಣದ ಹೆಸರು, ದೂರ 195 ಕಿ.ಮೀ., ಹಾರಾಟ 15 ನಿಮಿಷ, ಪಕ್ಕದಲ್ಲಿ ಪುಟ್ಟ ವಿಮಾನದ ಚಿತ್ರ. ಮುಂಬೈ-ಹುಬ್ಬಳ್ಳಿ, ಹುಬ್ಬಳ್ಳಿ-ಬಳ್ಳಾರಿ ಎರಡೂ ಟಿಕೆಟ್‌ಗೆ ದುಡ್ಡು ತಗೊಂಡ. ಎರಡನೇ ಟಿಕೆಟ್ ವಾಟ್ಸಾಪ್‌ಗೆ ಬರುತ್ತೆ ಅಂದ.

ಬರಲಿಲ್ಲ. ಹುಬ್ಬಳ್ಳಿಯಲ್ಲಿ ಇಳಿದು ಕೇಳಿದರೆ, "ಬಳ್ಳಾರಿಗೆ ಇಲ್ಲಿಂದ ಯಾವ ವಿಮಾನನೂ ಇಲ್ಲ ಸರ್" ಅಂದರು. ಏಜೆಂಟ್ ಫೋನ್ ಎತ್ತಲಿಲ್ಲ. ಕೊನೆಗೆ ಟ್ಯಾಕ್ಸಿ ಮಾಡಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ, ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ದಾರಿ. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಬ್ಯಾಗ್ ಮೇಲೆ ಕಾಲು ಚಾಚಿಕೊಂಡೇ ಬಂದರು. ಮನೆ ಮುಟ್ಟುವ ಹೊತ್ತಿಗೆ ಅರಿಶಿನದ ಶಾಸ್ತ್ರ ಮುಗಿದು, ಎಲ್ಲರೂ ಊಟಕ್ಕೆ ಕೂತಿದ್ದರು.

ಅವನು ತೋರಿಸಿದ ಪುಟ ಒಂದು ಲೆಕ್ಕ, ಅಷ್ಟೇ. ಭೂಪಟದ ಮೇಲೆ ಎರಡು ನಿಲ್ದಾಣದ ನಡುವೆ ನೇರ ಗೆರೆ ಎಳೆದು, ಅದನ್ನು ದೊಡ್ಡ ಜೆಟ್ ವಿಮಾನದ ವೇಗಕ್ಕೆ, ಗಂಟೆಗೆ ಸುಮಾರು 800 ಕಿ.ಮೀ.ಗೆ, ಭಾಗಿಸುತ್ತದೆ. ಅಲ್ಲಿ ವಿಮಾನ ಓಡುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಮ್ಮ ಕಡೆಯ ಸಣ್ಣ ನಿಲ್ದಾಣಗಳಿಗೆ ಎಷ್ಟೋ ಸಲ ಬರುವುದು ಎಟಿಆರ್. ರೆಕ್ಕೆಯಲ್ಲಿ ಫ್ಯಾನ್ ತಿರುಗುತ್ತದಲ್ಲ, ಅದು. ಅದರ ವೇಗವೇ 500ರ ಆಸುಪಾಸು. ಮೇಲೇರುವುದು, ಇಳಿಯುವುದು, ರನ್‌ವೇಯಲ್ಲಿ ಕಾಯುವುದು ಬೇರೆ. ಬಳ್ಳಾರಿ ಹತ್ತಿರದ ತೋರಣಗಲ್ಲಿನ ನಿಲ್ದಾಣದಿಂದ ಬೆಂಗಳೂರಿಗೆ ನೇರ ಗೆರೆ 250 ಕಿ.ಮೀ.ಯಷ್ಟೇ, ಆದರೂ ಟಿಕೆಟ್‌ನಲ್ಲಿ ಸುಮಾರು ಒಂದು ಗಂಟೆ ಇರುತ್ತದೆ.

ಇನ್ನೊಂದು ಗೊಂದಲ. ಆ ಪುಟದಲ್ಲಿದ್ದ 'ಬಳ್ಳಾರಿ' ಕಂಟೋನ್ಮೆಂಟ್ ಕಡೆಯ ಹಳೇ ನಿಲ್ದಾಣ, ಟಿಕೆಟ್‌ನಲ್ಲಿ ಬರೆಯುವ ಅದರ ಕೋಡ್ ಬಿಇಪಿ. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಹೈದರಾಬಾದ್‌ನಿಂದ ವಿಮಾನ ಬಂದಿದ್ದು ಅಲ್ಲಿಗಲ್ಲ, ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ. ಅದರ ಕೋಡ್ ವಿಡಿವೈ. ಅಲ್ಲಿಂದ ಬಳ್ಳಾರಿಗೆ ಮತ್ತೆ ಸುಮಾರು 30 ಕಿ.ಮೀ. ರಸ್ತೆ. ಆ ಹಾರಾಟವೂ ನಿಲ್ಲುವುದು, ಮತ್ತೆ ಶುರುವಾಗುವುದು ಇದ್ದದ್ದೇ.

ಮದುವೆ ಮುಗಿದ ಮೇಲೆ ಅವನ ಅಂಗಡಿಗೆ ಹೋದೆ. "ಗೂಗಲ್‌ನಲ್ಲೇ ಐತಲ್ರೀ ಸರ್, ನಾನೇನ್ ಮಾಡ್ಲಿ" ಅಂದ! ಜಗಳ ಆಡಿ ಅರ್ಧ ದುಡ್ಡು ವಾಪಸ್ ತಗೊಂಡೆ. ಉಳಿದಿದ್ದಕ್ಕೆ ನಾಳೆ ಬಾ ಅನ್ನುತ್ತಿದ್ದಾನೆ.

ಯಾರಾದರೂ ಇಂಥ ನಿಮಿಷದ ಲೆಕ್ಕ ತೋರಿಸಿದರೆ ವಿಮಾನದ ನಂಬರ್, ಹೊರಡುವ ಟೈಮ್, ಪಿಎನ್‌ಆರ್ (ಟಿಕೆಟ್ ಬುಕ್ ಆದ ನಂಬರ್) ಕೇಳಿ. ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ಆ್ಯಪ್‌ನಲ್ಲಿ ನೀವೇ ಹಾಕಿ ನೋಡಿ. ಅದು ಕೈಗೆ ಬರುವವರೆಗೂ ದುಡ್ಡು ಕೊಡಬೇಡಿ. ಹುಬ್ಬಳ್ಳಿಯಲ್ಲಿ ಇಳಿಯುವವರಿದ್ದರೆ ಮುಂದೆ ರೈಲೋ ಕಾರೋ ಮೊದಲೇ ಗೊತ್ತು ಮಾಡಿಡಿ, ನಾಲ್ಕು ಗಂಟೆಯಾದರೂ ಕೈಯಲ್ಲಿರಲಿ.